ಶುಗರ್ ರೋಗಿಗಳ ರೆಫರಲ್‌ಗೆ ಕಂಪ್ಯೂಟರ್ ಅಲರ್ಟ್: ಸಣ್ಣ ಕ್ಲಿನಿಕ್ಕಿನಲ್ಲಿ ಶುರು ಮಾಡುವುದು ಹೇಗೆ?

"ನಮ್ಮ ಸಾಫ್ಟ್‌ವೇರ್‌ನಲ್ಲಿ ಅಲರ್ಟ್ ಹಾಕುವ ಜಾಗ ಇದೆ. ಅಲ್ಲಿ ಏನು ಬರೆಯಬೇಕು?" ಸಣ್ಣ ಕ್ಲಿನಿಕ್, ನರ್ಸಿಂಗ್ ಹೋಮ್ ನಡೆಸುವ ಡಾಕ್ಟರುಗಳು, ಅಲ್ಲಿನ ಸಿಸ್ಟರ್‌ಗಳು, ರೆಕಾರ್ಡ್ ನೋಡಿಕೊಳ್ಳುವವರು ಎಲ್ಲರೂ ಕೇಳುವುದು ಇದನ್ನೇ. ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದಿಡುತ್ತಿದ್ದೇನೆ. ನಾನು ಡಾಕ್ಟರಲ್ಲ. ಆಸ್ಪತ್ರೆಗಳಲ್ಲಿ ರೆಕಾರ್ಡ್ ಸಾಫ್ಟ್‌ವೇರ್ ಹೊಂದಿಸಿಕೊಡುವುದು ನನ್ನ ಕೆಲಸ. ಇಲ್ಲಿ ಬರುವ ಅಳತೆಗಳು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್‌ನ ಮಾರ್ಗಸೂಚಿಯಲ್ಲಿ ಇರುವಂಥವು, ನಮ್ಮ ಕಡೆಯ ಡಾಕ್ಟರುಗಳಿಗೂ ಪರಿಚಯ ಇರುವಂಥವು. ನಿಮ್ಮಲ್ಲಿ ಯಾವ ಸಂಖ್ಯೆ ಇರಬೇಕು ಎಂದು ಕೊನೆಗೆ ತೀರ್ಮಾನಿಸಬೇಕಾದವರು ನಿಮ್ಮ ಡಾಕ್ಟರೇ.

ಅಲರ್ಟ್ ಯಾಕೆ ಬೇಕು ಅನ್ನುವುದನ್ನು ಎರಡು ಮಾತಲ್ಲಿ ಮುಗಿಸುತ್ತೇನೆ. ಶುಗರ್ ರೋಗಿ ಬರುತ್ತಾರೆ, ಖಾಲಿ ಹೊಟ್ಟೆಯದು ಎಷ್ಟು, ಊಟದ ನಂತರದ್ದು ಎಷ್ಟು ಎಂದು ತೋರಿಸುತ್ತಾರೆ, ಮಾತ್ರೆ ಬರೆಸಿಕೊಂಡು ಹೋಗುತ್ತಾರೆ. ಕಣ್ಣಿನ ಹಿಂಭಾಗದ ನರಪದರ (ರೆಟಿನಾ) ಕೆಡುವಾಗ ನೋವಾಗುವುದಿಲ್ಲ. ಕಿಡ್ನಿ ಕೆಡುವಾಗಲೂ ಇಲ್ಲ. ಪಾದಕ್ಕೆ ಅರಿವೇ ಹೋಗಿರುತ್ತದೆ, ನೋವೆಲ್ಲಿಂದ ಬರಬೇಕು? ಹಾಗಾಗಿ ರೋಗಿ ಕೇಳುವುದಿಲ್ಲ. ಹೊರಗೆ ಇನ್ನೂ 40 ಜನ ಕೂತಿರುವಾಗ ಡಾಕ್ಟರಿಗೂ ನೆನಪಾಗುವುದಿಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ. ಇಷ್ಟೂ ಜನರನ್ನು ವರ್ಷ ವರ್ಷ ನೆನಪಿಟ್ಟು ಕಳಿಸುವುದು ತಲೆಯಿಂದ ಆಗುವ ಕೆಲಸವಲ್ಲ.

ಏನೇನು ಬೇಕು

ಮೊದಲು ಮೂರು ಪದ. ಇಎಂಆರ್ ಅಂದರೆ ರೋಗಿಯ ಕಾಗದದ ಫೈಲಿನ ಬದಲು ಕಂಪ್ಯೂಟರಿನಲ್ಲಿ ಇಡುವ ದಾಖಲೆ. ಅಲರ್ಟ್ ಅಂದರೆ ಆ ದಾಖಲೆಯಲ್ಲಿ ಇರುವುದನ್ನೋ ಇಲ್ಲದ್ದನ್ನೋ ನೋಡಿ ಕಂಪ್ಯೂಟರ್ ಕೊಡುವ ಸೂಚನೆ. ರೆಫರಲ್ ಅಂದರೆ ನಮ್ಮಲ್ಲಿ ಆಗದ ಪರೀಕ್ಷೆಗೋ ಚಿಕಿತ್ಸೆಗೋ ಬೇರೆ ಕಡೆ ಕಳಿಸುವುದು.

ದುಬಾರಿ ಸಾಫ್ಟ್‌ವೇರ್ ಬೇಡ. ಮೂರು ಸಂಗತಿ ಇದ್ದರೆ ಸಾಕು: ಕಾಯಿಲೆಯ ಹೆಸರನ್ನು ಪಟ್ಟಿಯಿಂದ ಆರಿಸುವ ವ್ಯವಸ್ಥೆ, ಲ್ಯಾಬ್ ಫಲಿತಾಂಶವನ್ನು ಸಂಖ್ಯೆಯಾಗಿ ತುಂಬುವ ಜಾಗ, ಮತ್ತು "ಕೊನೆಯ ಸಲ ಆದದ್ದು ಯಾವಾಗ" ಎಂದು ಬರೆಯಲು ದಿನಾಂಕದ ಜಾಗ. ಜೊತೆಗೆ ಒಬ್ಬ ಮನುಷ್ಯ ಬೇಕು. ವಾರಕ್ಕೆ ಒಂದು ಗಂಟೆ ಫೋನ್ ಹಿಡಿದು ಕೂರುವ ಸಿಸ್ಟರ್ ಅಥವಾ ಸಹಾಯಕರು. ಆ ಮನುಷ್ಯ ಸಿಗುವವರೆಗೆ ಅಲರ್ಟ್ ಹಾಕಬೇಡಿ ಎಂದೇ ನಾನು ಹೇಳುತ್ತೇನೆ. ಯಾಕೆ ಅನ್ನುವುದು 6ನೇ ಹಂತಕ್ಕೆ ಬಂದಾಗ ಗೊತ್ತಾಗುತ್ತದೆ.

1. ಯಾರಿಗೆ ಶುಗರ್ ಇದೆ ಎಂದು ಕಂಪ್ಯೂಟರ್‌ಗೆ ತಿಳಿಸಿ

ಹಾಸ್ಯ ಅನ್ನಿಸಬಹುದು, ಆದರೆ ಜಾಸ್ತಿ ಸಮಯ ಹೋಗುವುದು ಇಲ್ಲೇ. ಹಳೆಯ ದಾಖಲೆ ತೆಗೆದು ನೋಡಿ. ಒಂದರಲ್ಲಿ "ಡಿಎಂ", ಇನ್ನೊಂದರಲ್ಲಿ "ಟಿ2ಡಿಎಂ", ಮತ್ತೊಂದರಲ್ಲಿ "ಶುಗರ್ 6 ವರ್ಷದಿಂದ" ಎಂದು ಬರೆದಿರುತ್ತದೆ. ಓದುವ ಮನುಷ್ಯನಿಗೆ ಮೂರೂ ಒಂದೇ. ಕಂಪ್ಯೂಟರ್‌ಗೆ ಮೂರೂ ಬೇರೆ.

ಕಾಯಿಲೆಗಳಿಗೆ ಅಂತರರಾಷ್ಟ್ರೀಯ ಸಂಕೇತಪಟ್ಟಿ ಇದೆ, ಅದನ್ನು ಐಸಿಡಿ-10 ಅನ್ನುತ್ತಾರೆ. ಅದರಲ್ಲಿ ಟೈಪ್ 1 ಡಯಾಬಿಟಿಸ್ ಇ10, ಟೈಪ್ 2 ಇ11. ಸಾಫ್ಟ್‌ವೇರ್‌ನಲ್ಲಿ ಈ ಪಟ್ಟಿ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ನೀವೇ ಎರಡು ಆಯ್ಕೆ ಮಾಡಿಟ್ಟುಕೊಂಡು, ಕೈಯಿಂದ ಟೈಪ್ ಮಾಡುವುದನ್ನು ನಿಲ್ಲಿಸಿ.

ಹಳಬರನ್ನು ಹುಡುಕಲು ಎರಡು ದಾರಿ. ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಜಾಸ್ತಿ ಬಂದವರ ಪಟ್ಟಿ ತೆಗೆಯಿರಿ. ಎಚ್‌ಬಿಎ1ಸಿ ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತ ಪರೀಕ್ಷೆ. ಆಮೇಲೆ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಬರೆಸಿಕೊಂಡವರ ಪಟ್ಟಿ ತೆಗೆಯಿರಿ.

ಎಡವುವ ಜಾಗ: ಮೆಟ್‌ಫಾರ್ಮಿನ್ ತಗೊಳ್ಳುವವರೆಲ್ಲ ಶುಗರ್ ರೋಗಿಗಳಲ್ಲ. ಪಿಸಿಓಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇರುವ ಹೆಣ್ಣುಮಕ್ಕಳಿಗೂ, ಶುಗರ್ ಗಡಿಯಲ್ಲಿರುವವರಿಗೂ ಇದನ್ನು ಕೊಡುತ್ತಾರೆ. 24 ವರ್ಷದ ಹುಡುಗಿಗೆ "ನಿಮಗೆ ಡಯಾಬಿಟಿಸ್ ಇದೆ, ಕಣ್ಣು ತೋರಿಸಿ" ಎಂದು ಮೆಸೇಜ್ ಹೋದರೆ ಏನಾಗಬಹುದು ಯೋಚಿಸಿ. ಪಟ್ಟಿಯನ್ನು ಕಂಪ್ಯೂಟರ್ ತೆಗೆಯಲಿ, ಹೆಸರಿನ ಮುಂದೆ ಗುರುತು ಹಾಕುವುದು ಡಾಕ್ಟರ ಕೆಲಸ ಆಗಿರಲಿ.

2. ಸಂಖ್ಯೆಗಳನ್ನು ಸರಿ ಮಾಡಿ

ಲ್ಯಾಬಿನವರು ಪಿಡಿಎಫ್ ಕಳಿಸುತ್ತಾರೆ, ನಾವು ಅದನ್ನು ಹಾಗೇ ರೋಗಿಯ ಫೈಲಿಗೆ ಅಂಟಿಸುತ್ತೇವೆ. ಕಂಪ್ಯೂಟರ್‌ಗೆ ಅದು ಬರೀ ಚಿತ್ರ. ಅಲರ್ಟ್ ಬರಬೇಕಾದರೆ ಕ್ರಿಯಾಟಿನಿನ್, ಇಜಿಎಫ್‌ಆರ್, ಯುಎಸಿಆರ್, ಎಚ್‌ಬಿಎ1ಸಿ ಈ ನಾಲ್ಕನ್ನಾದರೂ ಸಂಖ್ಯೆಯಾಗಿ ತುಂಬಬೇಕು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕುವ ಒಂದು ತ್ಯಾಜ್ಯ. ಇಜಿಎಫ್‌ಆರ್ ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಸೋಸುತ್ತಿದೆ ಎಂಬ ಅಂದಾಜು. ಯುಎಸಿಆರ್ ಅಂದರೆ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂದು, ಅದೇ ಮೂತ್ರದ ಕ್ರಿಯಾಟಿನಿನ್ ಜೊತೆಗಿನ ಅನುಪಾತವಾಗಿ ಹೇಳುವ ಲೆಕ್ಕ.

ಇಲ್ಲಿ ಅಳತೆಯ ಮೇಲೆ ಕಣ್ಣಿಡಿ. ಯುಎಸಿಆರ್ ಅನ್ನು ಒಂದು ಲ್ಯಾಬ್ ಗ್ರಾಂಗೆ ಇಷ್ಟು ಮಿಲಿಗ್ರಾಂ ಎಂದು ಕೊಡುತ್ತದೆ, ಇನ್ನೊಂದು ಮಿಲಿಮೋಲ್‌ಗೆ ಇಷ್ಟು ಎಂದು ಕೊಡಬಹುದು. ಮೊದಲ ಅಳತೆಯ 30 ಎರಡನೆಯದರಲ್ಲಿ ಸುಮಾರು 3. ಎರಡನ್ನೂ ಒಂದೇ ಜಾಗದಲ್ಲಿ ತುಂಬಿದರೆ, ಸೋರುತ್ತಿರುವ ಕಿಡ್ನಿಯೂ ಚೆನ್ನಾಗಿದೆ ಎಂದು ತೋರಿಸುತ್ತದೆ. ಕೆಲವು ಲ್ಯಾಬ್‌ಗಳು ಅನುಪಾತ ಬಿಟ್ಟು ಬರೀ ಮೂತ್ರದ ಅಲ್ಬುಮಿನ್ ಮಾತ್ರ ಕೊಡುತ್ತವೆ. ಅದು ಯುಎಸಿಆರ್ ಅಲ್ಲ, ಆ ಜಾಗಕ್ಕೆ ತುಂಬಬೇಡಿ.

ಇನ್ನೊಂದು ಸಣ್ಣ ವಿಷಯ, ನಾನು ಎಷ್ಟೋ ಕಡೆ ನೋಡಿದ್ದೇನೆ. ನೋಂದಣಿ ಮಾಡುವಾಗ ಹುಟ್ಟಿದ ತಾರೀಕು ಕೇಳುವುದಿಲ್ಲ, ವಯಸ್ಸು 52 ಎಂದು ತುಂಬುತ್ತಾರೆ. ಏಳು ವರ್ಷ ಕಳೆದರೂ ಅವರಿಗೆ ಅಲ್ಲಿ 52 ವರ್ಷವೇ! ಇಜಿಎಫ್‌ಆರ್ ಲೆಕ್ಕಕ್ಕೆ ಕ್ರಿಯಾಟಿನಿನ್ ಜೊತೆ ವಯಸ್ಸು, ಲಿಂಗ ಎರಡೂ ಬೇಕು. ವಯಸ್ಸು ಕಡಿಮೆ ಇದ್ದರೆ ಕಿಡ್ನಿ ನಿಜಕ್ಕಿಂತ ಚೆನ್ನಾಗಿರುವಂತೆ ಲೆಕ್ಕ ಬರುತ್ತದೆ. ತಾರೀಕು ಗೊತ್ತಿಲ್ಲದಿದ್ದರೆ ಹುಟ್ಟಿದ ವರ್ಷವನ್ನಾದರೂ ಹಾಕಿಸಿ.

3. ಮೂರೇ ನಿಯಮ ಬರೆಯಿರಿ

ಕಣ್ಣು, ಕಿಡ್ನಿ, ಪಾದ. ಮೊದಲ ಆರು ತಿಂಗಳು ಇಷ್ಟೇ. ಹಲ್ಲು, ಲಸಿಕೆ, ಆಹಾರ ಸಲಹೆ ಎಲ್ಲವೂ ಮುಖ್ಯವೇ, ಆದರೆ ಎಲ್ಲವನ್ನೂ ಒಟ್ಟಿಗೆ ಹಾಕಿದ ಕಡೆ ಯಾವುದೂ ಉಳಿಯಲಿಲ್ಲ.

ಕಣ್ಣು. ಟೈಪ್ 2 ಇರುವವರಿಗೆ ಕಾಯಿಲೆ ಗೊತ್ತಾದಾಗಲೇ ಕಣ್ಣಿಗೆ ಡ್ರಾಪ್ಸ್ ಹಾಕಿ ನೋಡುವ ಪರೀಕ್ಷೆ ಆಗಬೇಕು. ಟೈಪ್ 1 ಆದರೆ ಶುರುವಾಗಿ 5 ವರ್ಷದೊಳಗೆ. ಆಮೇಲೆ ವರ್ಷಕ್ಕೊಮ್ಮೆ. ಹಿಂದಿನ ಪರೀಕ್ಷೆಯಲ್ಲಿ ಏನೂ ಇಲ್ಲದೆ ಶುಗರ್ ಹಿಡಿತದಲ್ಲಿದ್ದರೆ ಕಣ್ಣಿನ ಡಾಕ್ಟರು ಎರಡು ವರ್ಷಕ್ಕೊಮ್ಮೆ ಎನ್ನಬಹುದು. ಹಾಗಾಗಿ "365 ದಿನ" ಎಂದು ಗಟ್ಟಿಯಾಗಿ ಬರೆಯುವ ಬದಲು, "ಮುಂದಿನ ಪರೀಕ್ಷೆ ಯಾವಾಗ" ಎಂಬ ಜಾಗ ಮಾಡಿ, ಅದು ಖಾಲಿ ಇದ್ದರೆ ಮಾತ್ರ 365 ದಿನ ಲೆಕ್ಕ ಹಿಡಿಯಲಿ. ಮೊದಲೇ ಶುಗರ್ ಇದ್ದು ಗರ್ಭಿಣಿಯಾದವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅವರಿಗೆ ಮೊದಲ ಮೂರು ತಿಂಗಳಲ್ಲೇ ಕಣ್ಣು ನೋಡಬೇಕು. ಇನ್ನು, ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದ್ದನ್ನು ಕಣ್ಣಿನ ಪರೀಕ್ಷೆ ಎಂದು ತುಂಬಬೇಡಿ. ರೋಗಿಗಳು ಹಾಗೇ ಹೇಳುತ್ತಾರೆ. "ಡ್ರಾಪ್ಸ್ ಹಾಕಿದ್ರಾ, ಆಮೇಲೆ ಸ್ವಲ್ಪ ಹೊತ್ತು ಮಂಜಾಗಿತ್ತಾ?" ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಕಿಡ್ನಿ. ವರ್ಷಕ್ಕೊಮ್ಮೆ ಇಜಿಎಫ್‌ಆರ್ ಮತ್ತು ಯುಎಸಿಆರ್, ಎರಡೂ. ಕ್ರಿಯಾಟಿನಿನ್ ಮಾತ್ರ ನೋಡಿ ಬಿಡುವುದು ನಮ್ಮಲ್ಲಿ ಬಹಳ. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಕಿಡ್ನಿ ತಜ್ಞರಿಗೆ ರೆಫರ್. ಯುಎಸಿಆರ್ 30 ಮಿಲಿಗ್ರಾಂ ದಾಟಿದರೆ ತಕ್ಷಣ ರೆಫರ್ ಅಲ್ಲ, ಮೊದಲು ಮತ್ತೆ ಪರೀಕ್ಷೆ. ಮೂರರಿಂದ ಆರು ತಿಂಗಳಲ್ಲಿ ಮಾಡಿದ ಮೂರು ಪರೀಕ್ಷೆಗಳಲ್ಲಿ ಎರಡಾದರೂ ಜಾಸ್ತಿ ಬಂದರೆ ಅದು ನಿಜ ಎಂದು ಲೆಕ್ಕ. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಭಾರೀ ದೈಹಿಕ ಶ್ರಮ, ಇವೆಲ್ಲ ಒಂದು ಸಲ ಸಂಖ್ಯೆ ಏರಿಸಬಲ್ಲವು. ಒಂದೇ ರಿಪೋರ್ಟ್ ನೋಡಿ ಕಳಿಸಿದರೆ ರೋಗಿ ಒಂದು ದಿನದ ಕೂಲಿ ಕಳಕೊಂಡು ನಗರಕ್ಕೆ ಹೋಗಿ "ಏನಿಲ್ಲ" ಎಂದು ಕೇಳಿ ಬರುತ್ತಾರೆ. ಮುಂದಿನ ಸಲ ನಿಜವಾಗಿ ಹೋಗಬೇಕಾದಾಗ ಹೋಗುವುದಿಲ್ಲ. ಹಾಗಂತ ಸಂಖ್ಯೆ ತೀರಾ ಜಾಸ್ತಿ ಇದ್ದರೂ ಕಾಯುತ್ತಾ ಕೂರಬೇಕಿಲ್ಲ. 300 ದಾಟಿದ್ದನ್ನು ಅದೇ ದಿನ ಡಾಕ್ಟರ ಕಣ್ಣಿಗೆ ಬೀಳಿಸಿ.

ಪಾದ. ಎಲ್ಲರಿಗೂ ವರ್ಷಕ್ಕೊಮ್ಮೆ ಪೂರ್ತಿ ಪರೀಕ್ಷೆ. ಇದಕ್ಕೆ ಮೋನೋಫಿಲಮೆಂಟ್ ಎಂಬ ನೈಲಾನ್ ಎಳೆ ಸಾಕು. 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ, ಅದು ತಾಗಿದ್ದು ಗೊತ್ತಾಗದಿದ್ದರೆ ಪಾದದ ರಕ್ಷಣೆಯ ಅರಿವು ಹೋಗಿದೆ ಎಂದರ್ಥ. ಅಂಥವರಿಗೂ, ಹಿಂದೆ ಹುಣ್ಣಾದವರಿಗೂ, ಬೆರಳು ತೆಗೆಸಿದವರಿಗೂ ಪ್ರತಿ ಸಲ ಬಂದಾಗ ಪಾದ ನೋಡಬೇಕು. ಗಾಯ ಕಂಡರೆ ರೆಫರಲ್ ಅದೇ ದಿನ.

ಏನನ್ನು ಅಲರ್ಟಿಗೆ ಬಿಡಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಇದ್ದಕ್ಕಿದ್ದಂತೆ ಕಣ್ಣು ಮಂಜಾದವರು, ವಾಂತಿ ಜೊತೆ ಉಸಿರು ಜೋರಾದವರು, ಮಂಕಾಗಿ ಮಾತು ತಡವರಿಸುವವರು, ಕಪ್ಪಾದ ಬೆರಳಿನವರು. ಇವರಿಗೆ ಕಂಪ್ಯೂಟರ್ ತೆರೆಯುವ ಮೊದಲೇ ಡಾಕ್ಟರನ್ನು ಕರೆಯಿರಿ.

ಎಚ್‌ಬಿಎ1ಸಿ ಜಾಸ್ತಿ ಎಂಬ ಒಂದೇ ಕಾರಣಕ್ಕೆ ರೆಫರಲ್ ಅಲರ್ಟ್ ಹಾಕುವುದು ನನಗೆ ಇಷ್ಟವಿಲ್ಲ. ಅದು ಮೊದಲು ನಿಮ್ಮ ಡಾಕ್ಟರು ಔಷಧಿ ನೋಡಬೇಕಾದ ವಿಷಯ. ಅದೂ ಅಲ್ಲದೆ ರಕ್ತಹೀನತೆ ಇದ್ದರೆ, ಇತ್ತೀಚೆಗೆ ರಕ್ತ ಕೊಡಿಸಿಕೊಂಡಿದ್ದರೆ, ಗರ್ಭಿಣಿಯಾಗಿದ್ದರೆ, ಡಯಾಲಿಸಿಸ್‌ನಲ್ಲಿದ್ದರೆ ಆ ಸಂಖ್ಯೆ ದಾರಿ ತಪ್ಪಿಸಬಹುದು.

4. ಯಾರ ಪರದೆಯಲ್ಲಿ, ಯಾವಾಗ?

ಎಲ್ಲ ಅಲರ್ಟನ್ನೂ ಡಾಕ್ಟರ ಪರದೆಗೆ ಎಸೆಯುವುದು ಸಾಮಾನ್ಯ ತಪ್ಪು. ದಿನಕ್ಕೆ 50 ಸಲ ಪೆಟ್ಟಿಗೆ ತೆರೆದುಕೊಂಡರೆ ಮೂರನೇ ದಿನಕ್ಕೆ ಬೆರಳು ತಾನಾಗಿ ಅದನ್ನು ಮುಚ್ಚುತ್ತದೆ, ಕಣ್ಣು ಓದುವುದೇ ಇಲ್ಲ. ಇದಕ್ಕೆ ಅಲರ್ಟ್ ದಣಿವು ಎನ್ನುತ್ತಾರೆ. ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ.

ಪಾದದ ಅಲರ್ಟ್ ತಗೊಳ್ಳಿ. ಅದು ಡಾಕ್ಟರ ಮುಂದೆ ಬಂದಾಗ ರೋಗಿ ಸಾಕ್ಸ್, ಶೂ ಹಾಕಿಕೊಂಡು ಕೂತಾಗಿದೆ. ಲೇಸ್ ಬಿಚ್ಚಲು ಎರಡು ನಿಮಿಷ, ಹೊರಗಿಂದ ಇನ್ನೊಬ್ಬರು ಬಾಗಿಲು ತಳ್ಳುತ್ತಿದ್ದಾರೆ. ಪಾದ ಮುಂದಿನ ಸಲಕ್ಕೆ ಹೋಯಿತು. ಅದೇ ಅಲರ್ಟ್ ಹೊರಗೆ ಬಿಪಿ, ತೂಕ ಬರೆಯುವ ಸಿಸ್ಟರ್ ಪರದೆಯಲ್ಲಿ ಬಂದರೆ? "ಅಜ್ಜಾ, ಚಪ್ಪಲಿ ಇಲ್ಲೇ ಬಿಡಿ, ಸಾಕ್ಸೂ ತೆಗೀರಿ" ಎನ್ನುತ್ತಾರೆ. ಒಳಗೆ ಹೋಗುವಾಗ ಪಾದ ಬರಿಗಾಲಲ್ಲಿ ಸಿದ್ಧ. ಕಣ್ಣಿನ ಪ್ರಶ್ನೆಯನ್ನೂ ಸಿಸ್ಟರೇ ಅಲ್ಲೇ ಕೇಳಿ ಬರೆದುಕೊಳ್ಳಬಹುದು.

ಡಾಕ್ಟರ ಕೆಲಸ ನಿಲ್ಲಿಸುವ ಅಲರ್ಟ್ ಒಂದೆರಡೇ ಇರಲಿ. ನನ್ನ ಆಯ್ಕೆ ಇದು: ಇಜಿಎಫ್‌ಆರ್ 30ಕ್ಕಿಂತ ಕಡಿಮೆ, ಆದರೂ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಇದೆ. ಆ ಹಂತದಲ್ಲಿ ಆ ಮಾತ್ರೆ ಕೊಡಬಾರದು, ಕಿಡ್ನಿ ತಜ್ಞರಿಗೂ ಕಳಿಸಬೇಕು. ಒಂದೇ ಪೆಟ್ಟಿಗೆಯಲ್ಲಿ ಎರಡೂ ಮುಗಿಯುತ್ತದೆ. ಉಳಿದವು ಸದ್ದಿಲ್ಲದೆ ಪರದೆಯ ಬದಿಯಲ್ಲಿ ಬಣ್ಣದ ಸಾಲಾಗಿ ಕಾಣಲಿ.

5. ಅಲರ್ಟಿನ ಮಾತು ಮತ್ತು ಬಟನ್

ಕೆಟ್ಟ ಅಲರ್ಟ್ ಹೀಗಿರುತ್ತದೆ: "ಈ ರೋಗಿಯ ಡಯಾಬಿಟಿಸ್ ಆರೈಕೆ ಬಾಕಿ ಇದೆ. ಓಕೆ." ಏನು ಬಾಕಿ? ಎಷ್ಟು ದಿನದಿಂದ? ಈಗ ನಾನೇನು ಮಾಡಲಿ?

ನಾನು ಹಾಕಿಸುವುದು ಹೀಗೆ: "ಕಣ್ಣು: ಕೊನೆಯ ಡ್ರಾಪ್ಸ್ ಪರೀಕ್ಷೆ 14-03-2023. ಆಗ ಶುರುವಿನ ಬದಲಾವಣೆ ಇತ್ತು. ಅವಧಿ ಮುಗಿದಿದೆ." ಕೆಳಗೆ ನಾಲ್ಕು ಬಟನ್: ರೆಫರಲ್ ಚೀಟಿ ಮಾಡಿ, ಬೇರೆ ಕಡೆ ಆಗಿದೆ, ರೋಗಿಗೆ ಈಗ ಬೇಡವಂತೆ, ಮುಂದಿನ ಭೇಟಿಗೆ. "ಬೇರೆ ಕಡೆ ಆಗಿದೆ" ಒತ್ತಿದರೆ ದಿನಾಂಕ ಕೇಳಬೇಕು. "ಬೇಡವಂತೆ" ಒತ್ತಿದರೆ ಕಾರಣ ಕೇಳಬೇಕು: ದೂರ, ದುಡ್ಡು, ಭಯ, ಕರೆದುಕೊಂಡು ಹೋಗುವವರಿಲ್ಲ. ಈ ಕಾರಣಗಳೇ ಮುಂದೆ ನಿಮಗೆ ಬಹಳ ಕೆಲಸಕ್ಕೆ ಬರುತ್ತವೆ. ಬರೀ "ಓಕೆ" ಎಂಬ ಬಟನ್ ಎಲ್ಲೂ ಇರದಿರಲಿ.

6. ಚೀಟಿ ಕೊಟ್ಟರೆ ಕೆಲಸ ಮುಗಿಯಲಿಲ್ಲ

ನಾನು ಮೊದಲು ಮಾಡಿದ ತಪ್ಪು ಇದೇ. ರೆಫರಲ್ ಚೀಟಿ ಪ್ರಿಂಟ್ ಆದ ತಕ್ಷಣ ಅಲರ್ಟ್ ಮಾಯವಾಗುವ ಹಾಗೆ ಹೊಂದಿಸಿದ್ದೆ. ಪರದೆ ಹಸಿರಾಯಿತು, ಎಲ್ಲರಿಗೂ ಖುಷಿ. ಒಂದು ವರ್ಷದ ನಂತರ ಒಬ್ಬರು ತಮ್ಮ ಪ್ಲಾಸ್ಟಿಕ್ ಕವರ್ ಮೇಜಿನ ಮೇಲೆ ಸುರಿದಾಗ ಹಳೆಯ ಲ್ಯಾಬ್ ರಿಪೋರ್ಟು, ರೇಷನ್ ಕಾರ್ಡಿನ ಜೆರಾಕ್ಸ್ ಮಧ್ಯೆ ನಮ್ಮ ಕಣ್ಣಿನ ಚೀಟಿ ಮಡಿಸಿದ ಮಡಿಕೆಯಲ್ಲೇ ಇತ್ತು. ಅವರು ಹೋಗಿಯೇ ಇರಲಿಲ್ಲ. ನಮ್ಮ ಕಂಪ್ಯೂಟರ್ ಪ್ರಕಾರ ಎಲ್ಲ ಆಗಿತ್ತು.

ಆದ್ದರಿಂದ ಪ್ರತಿ ರೆಫರಲ್‌ಗೂ ನಾಲ್ಕು ಸ್ಥಿತಿ ಇಡಿ: ಚೀಟಿ ಕೊಟ್ಟಿದೆ, ಹೋಗುವ ದಿನ ಗೊತ್ತಾಗಿದೆ, ಹೋಗಿ ಬಂದರು, ಅಲ್ಲಿಂದ ಉತ್ತರ ಬಂತು. ನಾಲ್ಕನೆಯದು ಆಗುವವರೆಗೆ ಅಲರ್ಟ್ ಆರಬಾರದು. ಬಣ್ಣ ಬದಲಾಗಲಿ, ಹೋಗಬಾರದು. ಸಾಫ್ಟ್‌ವೇರ್ ಕಂಪನಿಯವರು "ರೆಫರಲ್ ಆರ್ಡರ್ ಆದರೆ ಅಲರ್ಟ್ ಮುಗೀತು ಸರ್, ಹಾಗೇ ಇರೋದು" ಎನ್ನುತ್ತಾರೆ. ಒಪ್ಪಬೇಡಿ.

ವಾರಕ್ಕೊಮ್ಮೆ, ಓಪಿಡಿ ತೆಳುವಾಗಿರುವ ದಿನ, "ಚೀಟಿ ಕೊಟ್ಟು 21 ದಿನ ದಾಟಿದೆ, ಹೋಗಿಲ್ಲ" ಎಂಬ ಪಟ್ಟಿ ತೆಗೆದು ಸಿಸ್ಟರ್ ಫೋನ್ ಮಾಡಲಿ. 21 ಎಂಬುದು ನನ್ನ ಲೆಕ್ಕ, ನಿಮಗೆ ಬೇಕಾದ ಹಾಗೆ ಬದಲಿಸಿ. ಪಾದದ ಗಾಯಕ್ಕೆ ಮಾತ್ರ ಮರುದಿನವೇ ಫೋನ್. "ಯಾಕೆ ಹೋಗಲಿಲ್ಲ?" ಎಂದು ಶುರು ಮಾಡಬೇಡಿ, ಅದು ಬೈದ ಹಾಗೆ ಕೇಳುತ್ತದೆ. "ಅಮ್ಮಾ, ಕಣ್ಣಿನ ಆಸ್ಪತ್ರೆಗೆ ಯಾವತ್ತು ಹೋಗೋಕಾಗತ್ತೆ?" ಎಂದರೆ ದಿನ ಸಿಗುತ್ತದೆ.

ಚೀಟಿಯಲ್ಲೂ ಒಂದಿಷ್ಟು ಇರಬೇಕು. ಎಷ್ಟು ವರ್ಷದಿಂದ ಶುಗರ್, ಇತ್ತೀಚಿನ ಎಚ್‌ಬಿಎ1ಸಿ, ಬಿಪಿ, ಇಜಿಎಫ್‌ಆರ್, ಈಗಿನ ಔಷಧಿ, ಮತ್ತು ನಿಮ್ಮ ಪ್ರಶ್ನೆ ಏನು. ಇವನ್ನು ಇಎಂಆರ್ ತಾನೇ ತುಂಬಬಲ್ಲದು. ಕೆಳಗಿನ ಅರ್ಧ ಹಾಳೆಯನ್ನು ಖಾಲಿ ಬಿಟ್ಟು "ಕಂಡದ್ದು, ಮುಂದಿನ ಪರೀಕ್ಷೆ ಯಾವಾಗ" ಎಂದು ಎರಡೇ ಸಾಲು ಹಾಕಿ. ತಜ್ಞರಿಗೆ ಪತ್ರ ಬರೆಯಲು ಪುರಸೊತ್ತಿಲ್ಲ, ಎರಡು ಸಾಲು ತುಂಬಿಕೊಡುತ್ತಾರೆ. ರೋಗಿ ಅದರ ಫೋಟೋ ಕಳಿಸಿದರೂ ಸಾಕು.

ರೋಗಿಗೆ ಕನ್ನಡದಲ್ಲಿ ಬೇರೆ ಸೂಚನೆ ಕೊಡಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಬೈಕ್ ಓಡಿಸಬೇಡಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ ಎಂದು. ಇದನ್ನು ಮೊದಲೇ ಹೇಳದೆ ಕಳಿಸಿ, ಒಬ್ಬರೇ ಬೈಕಲ್ಲಿ ಹೋಗಿ, ಡ್ರಾಪ್ಸ್ ಬೇಡ ಎಂದು ವಾಪಸ್ ಬಂದವರಿದ್ದಾರೆ.

ಎಲ್ಲಿಗೆ ಕಳಿಸುವುದು ಎಂಬ ಪಟ್ಟಿಯನ್ನೂ ಮೊದಲೇ ಮಾಡಿ ಸಾಫ್ಟ್‌ವೇರ್‌ಗೆ ಹಾಕಿ: ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ ವಿಭಾಗ), ಹತ್ತಿರದ ಮೆಡಿಕಲ್ ಕಾಲೇಜು, ಖಾಸಗಿ ತಜ್ಞರು. ಬೆಂಗಳೂರಿನ ಸುತ್ತಮುತ್ತ ಇರುವವರಿಗೆ ಕಣ್ಣಿಗೆ ಮಿಂಟೋ, ಕಿಡ್ನಿಗೆ ನೆಫ್ರೋ ಯೂರಾಲಜಿ ಸಂಸ್ಥೆ ಸರ್ಕಾರಿ ಆಯ್ಕೆಗಳು. ಪ್ರತಿಯೊಂದರ ಮುಂದೆ ಓಪಿಡಿ ವಾರ, ಸಮಯವನ್ನು ನೀವೇ ಫೋನ್ ಮಾಡಿ ಕೇಳಿ ಬರೆಯಿರಿ. ಇ-ಸಂಜೀವಿನಿಯಂಥ ಟೆಲಿಮೆಡಿಸಿನ್‌ನಲ್ಲಿ ಔಷಧಿ ಬಗ್ಗೆ ಸಲಹೆ ಕೇಳಬಹುದು, ಆದರೆ ರೆಟಿನಾ ಪರೀಕ್ಷೆಗೆ ಅದು ಬದಲಿ ಅಲ್ಲ.

7. ಗುಟ್ಟು ಕಾಯಿರಿ

ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾನೂನು ಬಂದಿದೆ. ಕಾನೂನು ಇರಲಿ ಬಿಡಲಿ, ನಮ್ಮ ಊರುಗಳಲ್ಲಿ ಒಂದು ಫೋನ್ ಮನೆಯವರೆಲ್ಲರದ್ದು ಅಲ್ವಾ? ಮದುವೆ ಮಾತುಕತೆ ನಡೆಯುತ್ತಿರುವ ಮನೆಗೆ "ನಿಮ್ಮ ಡಯಾಬಿಟಿಸ್ ಪರೀಕ್ಷೆ ಬಾಕಿ" ಎಂಬ ಮೆಸೇಜ್ ಹೋಗಬಾರದು. "ನಿಮ್ಮ ಭೇಟಿಯ ದಿನ ಬಂದಿದೆ, ಕ್ಲಿನಿಕ್‌ಗೆ ಫೋನ್ ಮಾಡಿ" ಅಂದರೆ ಸಾಕು.

ಆಭಾ ಸಂಖ್ಯೆ, ಅಂದರೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ಆರೋಗ್ಯ ಸಂಖ್ಯೆ ಇದ್ದರೆ ಬರೆದುಕೊಳ್ಳಿ. ರೋಗಿ ಒಪ್ಪಿದರೆ, ಎರಡೂ ಕಡೆ ಅದಕ್ಕೆ ಜೋಡಣೆ ಇದ್ದರೆ, ಬೇರೆ ಆಸ್ಪತ್ರೆಯ ದಾಖಲೆ ನೋಡಬಹುದು. ಆದರೆ ಅದನ್ನೇ ನಂಬಿ ಸಿಸ್ಟರ್ ಫೋನ್ ನಿಲ್ಲಿಸಬೇಡಿ.

8. ಪರೀಕ್ಷಿಸಿ, ಒಂದು ತಿಂಗಳಾದ ಮೇಲೆ ಅಲರ್ಟುಗಳನ್ನು ತಿದ್ದಿ

ಸುಮ್ನೆ ಸೋಮವಾರ ಬೆಳಿಗ್ಗೆ ಎಲ್ಲರಿಗೂ ಚಾಲೂ ಮಾಡಬೇಡಿ. ಮೊದಲು ಹತ್ತು ಸುಳ್ಳು ರೋಗಿಗಳನ್ನು ಮಾಡಿ. ಒಬ್ಬರಿಗೆ ಕಣ್ಣು 364 ದಿನ, ಒಬ್ಬರಿಗೆ 366. ಒಬ್ಬರು ಟೈಪ್ 1, ಕಾಯಿಲೆ ಶುರುವಾಗಿ ಎರಡು ವರ್ಷ. ಒಬ್ಬರು ಗರ್ಭಿಣಿ. ಒಬ್ಬರ ಎರಡೂ ಕಾಲು ಇಲ್ಲ, ಅವರಿಗೆ ಪಾದದ ಅಲರ್ಟ್ ಬರಬಾರದು. ಒಬ್ಬರು ತೀರಿಕೊಂಡಿದ್ದಾರೆ. ಈ ಕೊನೆಯದನ್ನು ಮರೆತು ಮನೆಗೆ ಫೋನ್ ಹೋದರೆ ಕ್ಷಮೆ ಕೇಳಲೂ ಮಾತು ಹೊರಡುವುದಿಲ್ಲ.

ಚಾಲೂ ಮಾಡಿ ತಿಂಗಳಾದ ಮೇಲೆ ಪ್ರತಿ ಅಲರ್ಟ್‌ಗೆ ಮೂರು ಲೆಕ್ಕ ತೆಗೆಯಿರಿ: ಎಷ್ಟು ಸಲ ಬಂತು, ಎಷ್ಟಕ್ಕೆ ಚೀಟಿ ಆಯಿತು, ಎಷ್ಟು ಜನ ನಿಜವಾಗಿ ಹೋಗಿ ಬಂದರು. ಹೆಚ್ಚಿನ ಸಲ "ಮುಂದಿನ ಭೇಟಿಗೆ" ಎಂದು ತಳ್ಳಿರುವ ಅಲರ್ಟ್ ಯಾವುದೋ ಅದರಲ್ಲಿ ತಪ್ಪಿದೆ. ಡಾಕ್ಟರನ್ನು ದೂರುವ ಮೊದಲು ನಿಯಮ ನೋಡಿ. ಒಂದೋ ತಪ್ಪು ಪರದೆಯಲ್ಲಿ ಬರುತ್ತಿದೆ, ಇಲ್ಲವೇ ಆಗಲೇ ಆದದ್ದು ದಾಖಲಾಗಿಲ್ಲ.

ಸಾಫ್ಟ್‌ವೇರ್‌ನಲ್ಲಿ ಅಲರ್ಟೇ ಇಲ್ಲದಿದ್ದರೆ

ಎಕ್ಸೆಲ್ ಹಾಳೆ ತೆರೆಯಿರಿ. ಆರು ಕಾಲಂ: ರೋಗಿಯ ನಂಬರ್, ಫೋನ್, ಕಣ್ಣಿನ ಕೊನೆಯ ದಿನ, ಕಿಡ್ನಿ ಪರೀಕ್ಷೆಯ ಕೊನೆಯ ದಿನ, ಪಾದದ ಕೊನೆಯ ದಿನ, ರೆಫರಲ್ ಯಾವ ಸ್ಥಿತಿಯಲ್ಲಿದೆ. ಇವತ್ತಿನ ದಿನದಿಂದ 365 ದಿನಕ್ಕಿಂತ ಹಿಂದಿನ ತಾರೀಕಿದ್ದರೆ, ಅಥವಾ ಖಾಲಿ ಇದ್ದರೆ, ಆ ಚೌಕ ಕೆಂಪಾಗುವ ಹಾಗೆ ಹೊಂದಿಸಿ. ಫೈಲಿಗೆ ಪಾಸ್‌ವರ್ಡ್ ಹಾಕಿ, ವಾಟ್ಸಾಪ್‌ನಲ್ಲಿ ಹಂಚಬೇಡಿ. ಬೆಳಿಗ್ಗೆ ಓಪಿಡಿ ಶುರುವಾಗುವ ಮೊದಲು ಅವತ್ತು ಬರಬೇಕಾದವರ ನಂಬರ್ ಹುಡುಕಿ, ಕೆಂಪು ಕಂಡವರ ಚೀಟಿಯ ಮೂಲೆಯಲ್ಲಿ ಪೆನ್ನಿನಿಂದ "ಕ", "ಕಿ", "ಪಾ" ಎಂದು ಬರೆದಿಡಿ. ಒಂದು ಕಡೆ ಎರಡು ವರ್ಷದಿಂದ ಹೀಗೇ ನಡೆಯುತ್ತಿದೆ. ಸಾಫ್ಟ್‌ವೇರ್ ಕೊಳ್ಳುವ ಮಾತು ಅಲ್ಲಿ ಈಗ ಯಾರೂ ಎತ್ತುತ್ತಿಲ್ಲ.